ಮನಾಲಿಗೆ ಎಷ್ಟು ದಿನ ಇಟ್ಟುಕೊಳ್ಳಬೇಕು?

ಪ್ರಶ್ನೆ: ನಾವು ಶಿವಮೊಗ್ಗದವರು. ಮೇ ಮೂರನೇ ವಾರದಲ್ಲಿ ಶನಿವಾರದಿಂದ ಮುಂದಿನ ವಾರದ ಭಾನುವಾರದವರೆಗೆ ಒಟ್ಟು 9 ದಿನ ರಜೆ ಹೊಂದಿಸಿಕೊಂಡಿದ್ದೇವೆ. ನಾನು, ನಮ್ಮ ಯಜಮಾನರು, 14 ವರ್ಷದ ಮಗ, 8 ವರ್ಷದ ಮಗಳು, ಜೊತೆಗೆ ನಮ್ಮ ಅತ್ತೆ. ಅವರಿಗೆ 66 ವರ್ಷ, ಬಿಪಿ ಮಾತ್ರೆ ತಗೋತಾರೆ, ಮಂಡಿ ನೋವೂ ಇದೆ. ಪ್ಯಾಕೇಜ್‌ನವರು ಶಿಮ್ಲಾ 2 ರಾತ್ರಿ, ಮನಾಲಿ 3 ರಾತ್ರಿ ಅಂತ ಕೊಟ್ಟಿದ್ದಾರೆ. ಯಜಮಾನರ ಆಫೀಸಿನವರೊಬ್ಬರು ಮನಾಲಿಗೆ ಎರಡು ದಿನ ಧಾರಾಳ ಸಾಕು, ಮಾಲ್ ರೋಡ್ ಬಿಟ್ಟರೆ ಅಲ್ಲೇನಿಲ್ಲ ಅಂತಾರೆ. ನನ್ನ ತಂಗಿ ಮಾತ್ರ ಅಲ್ಲಿ ಆಕ್ಸಿಜನ್ ಕಡಿಮೆ, ಮೈ ಒಗ್ಗಿಕೊಳ್ಳೋದಕ್ಕೇ ಮೂರು ದಿನ ಬೇಕು, ಹೋದರೆ ಒಂದು ವಾರ ಇರಿ ಅಂತಾಳೆ. ಮಗನಿಗೆ ಪ್ಯಾರಾಗ್ಲೈಡಿಂಗ್, ರಾಫ್ಟಿಂಗ್ ಹುಚ್ಚು. ಮಗಳಿಗೆ ಹಿಮ ಮುಟ್ಟಬೇಕು, ಅಷ್ಟೇ. ಎಷ್ಟು ದಿನ ಇದ್ದರೆ ಸರಿ? ಅತ್ತೆಯವರಿಗೆ ಕರ್ಪೂರ ಮೂಸಲು ಕೊಟ್ಟರೆ ಸಾಕು ಅಂತಾರೆ, ನಿಜವಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಕಾಣುತ್ತಿದೆ. ಇಷ್ಟು ದೂರ ಇಷ್ಟು ದುಡ್ಡು ಖರ್ಚು ಮಾಡಿಕೊಂಡು ಹೋಗಿ, ದಿನ ಸಾಲದೆ ಮಕ್ಕಳು ಮುಖ ಸಣ್ಣ ಮಾಡಿಕೊಂಡು ಬರುವ ಹಾಗಾದರೆ ಅನ್ನೋದು ಒಂದು. ಅತ್ತೆಯವರಿಗೆ ಅಲ್ಲಿ ಉಸಿರಾಟದ ತೊಂದರೆ ಆದರೆ ಅನ್ನೋದು ಇನ್ನೊಂದು. ಎರಡೂ ಸರಿಯಾದ ಚಿಂತೆಗಳೇ. ಆದರೆ ಎರಡಕ್ಕೂ ಒಂದೇ ಲೆಕ್ಕದಲ್ಲಿ ಉತ್ತರ ಹುಡುಕಲು ಹೋಗಿ ನಿಮಗೆ ಗೊಂದಲವಾಗಿದೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನಾಲಿಯಲ್ಲಿ 5 ರಾತ್ರಿ ಉಳಿಯಿರಿ, ಅಂದರೆ ಪೂರ್ತಿ 4 ಹಗಲು ಕೈಗೆ ಸಿಗಬೇಕು. ಶಿಮ್ಲಾ ಈ ಸಲ ಬಿಟ್ಟುಬಿಡಿ. ಯಾಕೆ ಅಂತ ನಿಧಾನವಾಗಿ ನೋಡೋಣ. ಕರ್ನಾಟಕದಿಂದ ಹಿಮಾಚಲಕ್ಕೆ ಕುಟುಂಬಗಳನ್ನು, ಕಾಲೇಜು ಹುಡುಗರ ಗುಂಪುಗಳನ್ನು ಕರೆದುಕೊಂಡು ಹೋಗೋದೇ ನನ್ನ ಕೆಲಸ. ಹಾಗಾಗಿ ಕಾಗದದ ಮೇಲಿನ ದಿನ ಬೇರೆ, ಕೈಗೆ ಸಿಗುವ ದಿನ ಬೇರೆ ಅನ್ನೋದು ಪ್ರತಿ ಸೀಸನ್‌ನಲ್ಲೂ ಕಣ್ಣಿಗೆ ಬೀಳುತ್ತದೆ.

ಪ್ಯಾಕೇಜ್‌ನ 3 ರಾತ್ರಿಯನ್ನೇ ತಗೊಳ್ಳಿ. ಶಿಮ್ಲಾದಿಂದ ಮನಾಲಿಗೆ ಸುಮಾರು 250 ಕಿ.ಮೀ. ಕಾಗದದಲ್ಲಿ ನೋಡಿದರೆ ಶಿವಮೊಗ್ಗದಿಂದ ಬೆಂಗಳೂರಿಗೆ ಹೋದ ಹಾಗೆ ಅನಿಸುತ್ತದೆ. ಆದರೆ ಗುಡ್ಡದ ರಸ್ತೆ, ನಡುವೆ ಊಟ, ಮಕ್ಕಳ ವಾಂತಿ, ಕುಲ್ಲು ಹತ್ತಿರ ಶಾಲು ಅಂಗಡಿಯಲ್ಲಿ ಡ್ರೈವರ್ ನಿಲ್ಲಿಸುವ 'ಹತ್ತೇ ನಿಮಿಷ', ಎಲ್ಲಾ ಸೇರಿ ಬೆಳಿಗ್ಗೆ ಹೊರಟವರು ಮುಟ್ಟೋದು ಕತ್ತಲಾದ ಮೇಲೆ. ಅಲ್ಲಿಗೆ ಮೊದಲನೇ ರಾತ್ರಿ ಮುಗೀತು. ಕೊನೆಯ ರಾತ್ರಿ ಕಳೆದು ಬೆಳಿಗ್ಗೆ ಮತ್ತೆ ಚಂಡೀಗಢಕ್ಕೋ ದೆಹಲಿಗೋ ಹೊರಡಬೇಕು. ಉಳಿದದ್ದು ಎರಡು ಹಗಲು. ಕೆಲವು ಅಗ್ಗದ ಪ್ಯಾಕೇಜ್‌ಗಳಲ್ಲಿ ದೆಹಲಿಯಿಂದ ವೋಲ್ವೋ ಬಸ್ಸಿನಲ್ಲಿ ಕೂತು ಕಳೆಯುವ ರಾತ್ರಿಯನ್ನೂ ಲೆಕ್ಕಕ್ಕೆ ಹಿಡಿದು '5 ರಾತ್ರಿ 6 ದಿನ' ಅಂತ ದೊಡ್ಡದಾಗಿ ಹಾಕುತ್ತಾರೆ. ಆದ್ದರಿಂದ ಯಾರೇ ರಾತ್ರಿ ಲೆಕ್ಕ ಹೇಳಿದರೂ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಮನಾಲಿಯಲ್ಲೇ ಎದ್ದು ಮನಾಲಿಯಲ್ಲೇ ಮಲಗುವ ಹಗಲು ಎಷ್ಟು?

ಈಗ ಆಫೀಸಿನವರ ಮಾತು. ಅವರು ಹೇಳಿದ್ದು ಸುಳ್ಳಲ್ಲ. ಊರು ಅಂತ ನೋಡಿದರೆ ಮನಾಲಿ ಒಂದು ದಿನಕ್ಕೆ ಮುಗಿಯುತ್ತದೆ. ಧುಂಗ್ರಿಯ ದೇವದಾರು ಕಾಡಿನ ನಡುವಿನ ಹಿಡಿಂಬಾ ದೇವಸ್ಥಾನ, 1553ರಲ್ಲಿ ರಾಜಾ ಬಹಾದೂರ್ ಸಿಂಗ್ ಕಟ್ಟಿಸಿದ್ದು. ಆಮೇಲೆ ಹಳೇ ಮನಾಲಿಯ ಓಣಿಗಳು, ಮನು ದೇವಸ್ಥಾನ. ಹೊಳೆಯ ಆಚೆ ದಡದಲ್ಲಿ ವಶಿಷ್ಠದ ಬಿಸಿನೀರಿನ ಬುಗ್ಗೆ. ಸಂಜೆ ಮಾಲ್ ರೋಡ್. ಅಷ್ಟೇ. ಆದರೆ ನಿಮ್ಮ ಮಕ್ಕಳು ಹೋಗುತ್ತಿರೋದು ಇದಕ್ಕಲ್ಲವಲ್ಲ. ಹಿಮ, ಹಾರಾಟ, ನದಿ, ಈ ಮೂರಕ್ಕೆ. ಮೂರೂ ಹವಾಮಾನದ ಮರ್ಜಿಯಲ್ಲಿ ಇರುವಂಥವು. ಮಧ್ಯಾಹ್ನ ಗಾಳಿ ಎದ್ದರೆ ಹಾರಾಟ ಇಲ್ಲ. ಮೇಲೆ ಮಳೆ ಅಥವಾ ಹಿಮ ಬಿದ್ದರೆ, ಹಿಮ ನೋಡಲು ಹೋಗುವ ರೋಹ್ತಾಂಗ್ ಪಾಸ್‌ನ ದಾರಿ ಬಂದ್. ಹಾಗಾಗಿ ಇಂಥಾ ಊರಿಗೆ ದಿನ ಎಣಿಸುವಾಗ ಎಷ್ಟು ಜಾಗ ನೋಡಬೇಕು ಅಂತ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಇವತ್ತು ಆಗದಿದ್ದರೆ ನಾಳೆಗೆ ತಳ್ಳಲು ಜಾಗ ಇದೆಯಾ ಅಂತ ನೋಡಬೇಕು. ಆಫೀಸಿನವರಿಗೆ ಎರಡೂ ದಿನ ಬಿಸಿಲು ಸಿಕ್ಕಿರಬೇಕು, ಪುಣ್ಯವಂತರು.

ತಂಗಿಯ ಮಾತಿಗೆ ಬರೋಣ. ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ, ಯಾಕೆಂದರೆ ಇದರಲ್ಲಿ ಅರ್ಧ ಸತ್ಯ ಇದೆ. ಮನಾಲಿ ಊರು ಇರೋದು ಸಮುದ್ರ ಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಆಸುಪಾಸು. ಊಟಿ ಸುಮಾರು 2,240 ಮೀಟರ್. ಅಂದರೆ ಮನಾಲಿಗಿಂತ ಊಟಿಯೇ ಎತ್ತರ! ನಿಮ್ಮ ಅತ್ತೆಯವರು ಯಾವತ್ತಾದರೂ ಊಟಿಗೆ ಹೋಗಿ ಆರಾಮಾಗಿ ಇದ್ದು ಬಂದಿದ್ದರೆ ಮನಾಲಿಯ ಹೋಟೆಲಿನಲ್ಲಿ ಮಲಗಿ ಏಳೋದಕ್ಕೆ ಎತ್ತರದ ಭಯ ಬೇಡ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದೇ 2,500 ಮೀಟರ್ ದಾಟಿದ ಮೇಲೆ. ಮನಾಲಿಗೆ ಬಂದಿಳಿದ ಸಂಜೆ ತಲೆ ಸುತ್ತುತ್ತಿದೆ, ಹೊಟ್ಟೆ ತೊಳಸುತ್ತಿದೆ ಅನ್ನುವವರಲ್ಲಿ ಹೆಚ್ಚಿನವರಿಗೆ ಅದು ದಾರಿಯಲ್ಲಿ ಸಿಗುವ ಮಂಡಿ ಅನ್ನೋ ಊರಿನಿಂದ ಮೇಲಿನ ತಿರುವುಗಳ ಕಾಣಿಕೆ. ಜೊತೆಗೆ ದಾರಿಯುದ್ದಕ್ಕೂ ಬಾತ್‌ರೂಮ್ ಸಿಗಲ್ಲ ಅಂತ ನೀರೇ ಕುಡಿಯದೆ ಕೂತಿರೋದು.

ಸತ್ಯ ಇರುವ ಅರ್ಧ ಯಾವುದು ಅಂದರೆ, ಮನಾಲಿಯಿಂದ ಮೇಲೆ ಹೋಗುವ ಜಾಗಗಳು. ರೋಹ್ತಾಂಗ್ ಪಾಸ್ ಮನಾಲಿಯಿಂದ 51 ಕಿ.ಮೀ., ಎತ್ತರ 3,978 ಮೀಟರ್. ಗಾಳಿಯಲ್ಲಿ ಆಕ್ಸಿಜನ್ನಿನ ಪಾಲು ಎಲ್ಲಾ ಕಡೆ ಒಂದೇ, ಶೇ. 21. ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಇಳಿಯುತ್ತದೆ, ಒಂದು ಉಸಿರಿಗೆ ಒಳಗೆ ಹೋಗುವ ಆಕ್ಸಿಜನ್ ಕಡಿಮೆಯಾಗುತ್ತದೆ. ಮನಾಲಿಯಲ್ಲಿ ಸಮುದ್ರ ಮಟ್ಟದ ಶೇ. 80ರ ಹತ್ತಿರ ಸಿಗುತ್ತಿದ್ದದ್ದು ರೋಹ್ತಾಂಗ್‌ನಲ್ಲಿ ಶೇ. 60ಕ್ಕೆ ಬರುತ್ತದೆ. ಮೆಟ್ಟಿಲು ಹತ್ತಿದ ಹಾಗೆ ಏದುಸಿರು ಬರೋದು ಇದಕ್ಕೇ. ಆದರೆ ತಲೆನೋವು, ವಾಂತಿ, ಸುಸ್ತು ಸೇರಿದ ನಿಜವಾದ ಎತ್ತರದ ಕಾಯಿಲೆ ಮೇಲೆ ಮುಟ್ಟಿದ ಕ್ಷಣಕ್ಕೆ ಬರೋದು ಅಪರೂಪ. ಸಾಮಾನ್ಯವಾಗಿ 6ರಿಂದ 12 ಗಂಟೆ ಬೇಕು. ಒಂದೆರಡು ಗಂಟೆ ಇದ್ದು ಇಳಿದುಬಿಟ್ಟರೆ ಹೆಚ್ಚಿನವರಿಗೆ ಏನೂ ಆಗೋದಿಲ್ಲ. ರೋಹ್ತಾಂಗ್‌ಗೆ ಇಷ್ಟೊಂದು ಜನ ಹೋಗಿ ಸುಖವಾಗಿ ಬರೋದರ ಹಿಂದಿನ ಕಾರಣ ಇದೇ. ಯಾರೂ ಅಲ್ಲಿ ಮಲಗೋದಿಲ್ಲ.

ಹಾಗಾಗಿ ಒಗ್ಗಿಕೊಳ್ಳೋದಕ್ಕೆ ಅಂತ ಮನಾಲಿಯಲ್ಲಿ ಮೂರು ದಿನ ಸುಮ್ನೆ ಕೂರಬೇಕಿಲ್ಲ. ಬಂದ ಮರುದಿನವೇ ರೋಹ್ತಾಂಗ್ ಹತ್ತಬೇಡಿ, ಒಂದೆರಡು ರಾತ್ರಿ ಕಳೆದ ಮೇಲೆ ಹೋಗಿ, ಅಷ್ಟು ಸಾಕು. ವಾರ ಬೇಕಾಗೋದು ಬೇರೆ ಥರದ ಪ್ರವಾಸಕ್ಕೆ. ಲೇಹ್‌ಗೆ ರಸ್ತೆಯಲ್ಲಿ ಹೋಗುವವರಿಗೆ, ಸ್ಪಿತಿಗೆ ಹೋಗಿ ಚಂದ್ರತಾಲ್ ಸರೋವರದ ಹತ್ತಿರ ಟೆಂಟಿನಲ್ಲಿ ಮಲಗುವವರಿಗೆ. ಮಲಗುವ ಎತ್ತರ 3,000 ಮೀಟರ್ ದಾಟಿದ ಮೇಲೆ ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅನ್ನುವ ನಿಯಮ ಅವರಿಗೆ.

ಇಲ್ಲೊಂದು ಎಚ್ಚರಿಕೆ. ರೋಹ್ತಾಂಗ್ ಬೆಟ್ಟದ ಅಡಿಯಲ್ಲಿ ಕೊರೆದ ಅಟಲ್ ಸುರಂಗ 2020ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಹೊಸ ಚಾಳಿ ಬಂದಿದೆ. ಹಿಮ ಕೆಳಗೆ ಇಲ್ಲ ಅಂತಾದರೆ ಡ್ರೈವರ್‌ಗಳು 'ಬಾರಾಲಾಚಾ ಹೋಗೋಣ, ಶಿಂಕು ಲಾ ಹೋಗೋಣ, ಸಂಜೆಗೆ ವಾಪಸ್' ಅಂತಾರೆ. ಸುರಂಗದಲ್ಲಿ ಆಚೆ ಕಡೆಯ ಲಾಹೌಲ್ ಕಣಿವೆ ಬೇಗ ಮುಟ್ಟಿಬಿಡೋದರಿಂದ ಇದು ಸಲೀಸು ಅನಿಸುತ್ತದೆ. ಇವೆರಡೂ ರೋಹ್ತಾಂಗ್‌ಗಿಂತ ಎತ್ತರದ ಪಾಸ್‌ಗಳು: ಬಾರಾಲಾಚಾ ಸುಮಾರು 4,900 ಮೀಟರ್, ಶಿಂಕು ಲಾ 5,000 ಮೀಟರಿಗೂ ಮೇಲೆ. ಬೆಳಿಗ್ಗೆ 2,050ರಲ್ಲಿ ಎದ್ದು ಮಧ್ಯಾಹ್ನ ಅಷ್ಟು ಎತ್ತರಕ್ಕೆ ಹೋಗೋದು ಗಟ್ಟಿಮುಟ್ಟಾದ ಹುಡುಗರಿಗೇ ಕಷ್ಟ. ಅಲ್ಲಿ ಗಾಡಿ ಕೆಟ್ಟರೆ, ಜಾಮ್ ಆದರೆ, ಆಸ್ಪತ್ರೆ ಗಂಟೆಗಟ್ಟಲೆ ದೂರ. ಅತ್ತೆಯವರು, ಮಗಳು ಇರುವ ಗಾಡಿಯಲ್ಲಿ ಇದಕ್ಕೆ ಒಪ್ಪಲೇಬೇಡಿ, ಎಷ್ಟೇ ಕಡಿಮೆಗೆ ಕೊಟ್ಟರೂ.

ಅತ್ತೆಯವರ ವಿಷಯ. ನಾನು ಡಾಕ್ಟರಲ್ಲ. ಬಿಪಿ ಹತೋಟಿಯಲ್ಲಿ ಇರುವ ಎಷ್ಟೋ ಹಿರಿಯರು ನಮ್ಮ ಜೊತೆ ರೋಹ್ತಾಂಗ್ ನೋಡಿ ಬಂದಿದ್ದಾರೆ. ಆದರೆ ಎತ್ತರದಲ್ಲಿ ಬಿಪಿ ಏರಬಹುದು. ಹಾಗಾಗಿ ಹೊರಡುವ ಮೊದಲು ನಿಮ್ಮ ಡಾಕ್ಟರ್‌ಗೆ 'ಮನಾಲಿ' ಅಂತ ಮಾತ್ರ ಹೇಳದೆ, '4,000 ಮೀಟರ್‌ಗೆ ಒಂದೆರಡು ಗಂಟೆ' ಅಂತಲೇ ಹೇಳಿ ಕೇಳಿ. ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ, ಅರ್ಧ ಕೈಚೀಲದಲ್ಲಿ, ಅರ್ಧ ದೊಡ್ಡ ಬ್ಯಾಗಿನಲ್ಲಿ ಇಡಿ. ಹೃದಯದ ತೊಂದರೆ, ಉಬ್ಬಸ, ತೀರಾ ರಕ್ತ ಕಡಿಮೆ ಇರೋದು, ಇಂಥದ್ದೇನಾದರೂ ಇದ್ದರೆ ಅವರನ್ನು ರೋಹ್ತಾಂಗ್‌ಗೆ ಕರೆದುಕೊಂಡು ಹೋಗೋದೇ ಬೇಡ. ಯಾರೋ ಹೇಳಿದರು ಅಂತ ಎತ್ತರದ ಕಾಯಿಲೆಯ ಮಾತ್ರೆ ಡಯಾಮಾಕ್ಸ್ ನುಂಗಿಸೋದೂ ಬೇಡ. ಸಲ್ಫಾ ಅಲರ್ಜಿ ಇರುವವರಿಗೆ ಆಗಿಬರದೇ ಇರಬಹುದು, ಬಿಪಿ ಮಾತ್ರೆ ಜೊತೆ ಹೊಂದುತ್ತದೋ ಇಲ್ಲವೋ ಅಂತ ಡಾಕ್ಟರ್ರೇ ನೋಡಬೇಕು.

ಇನ್ನು ಕರ್ಪೂರ. ಮೂಗಿಗೆ ಹಿಡಿದರೆ ಒಳಗೆ ತಣ್ಣಗಾಗುತ್ತದೆ, ಉಸಿರು ಸಲೀಸಾಯಿತು ಅನಿಸುತ್ತದೆ. ಆ ಸುಖ ಮೂಗಿನದು ಮಾತ್ರ. ರಕ್ತಕ್ಕೆ ಒಂದು ಚೂರೂ ಹೆಚ್ಚು ಆಕ್ಸಿಜನ್ ಹೋಗೋದಿಲ್ಲ. ಅತ್ತೆಯವರಿಗೆ ಸಮಾಧಾನ ಅನಿಸಿದರೆ ಕರ್ಚೀಫಿನಲ್ಲಿ ಕಟ್ಟಿ ಕೊಡಿ, ಬೇಡ ಅನ್ನೋದಿಲ್ಲ. ಮಗಳ ಕೈಗೆ ಮಾತ್ರ ಕೊಡಬೇಡಿ, ಮಕ್ಕಳ ಹೊಟ್ಟೆಗೆ ಹೋದರೆ ಕರ್ಪೂರ ವಿಷ. ದಾರಿಯಲ್ಲಿ ಮಾರುವ ಸಣ್ಣ ಆಕ್ಸಿಜನ್ ಡಬ್ಬಿ ಕೂಡ ಕೆಲವೇ ನಿಮಿಷದ ಮಾತು. ಅದನ್ನು ನಂಬಿಕೊಂಡು ಮೇಲೆ ಇನ್ನೊಂದು ಗಂಟೆ ಇರೋಣ ಅನ್ನೋದು ತಪ್ಪು. ತಲೆನೋವು ಜೋರಾಗಿ, ವಾಂತಿ ಆಗಿ, ನಡಿಗೆ ತಡವರಿಸಿದರೆ ಮದ್ದು ಒಂದೇ: ಗಾಡಿ ತಿರುಗಿಸಿ ಕೆಳಗೆ ಇಳಿಯೋದು.

ಈಗ ನಿಮ್ಮ 9 ದಿನವನ್ನು ಹೇಗೆ ಹರಡಬಹುದು ನೋಡೋಣ. ಶುಕ್ರವಾರ ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಬಂದು, ಶನಿವಾರ ಚಂಡೀಗಢಕ್ಕೆ ನೇರ ವಿಮಾನ ಹಿಡಿಯಿರಿ. ಆ ರಾತ್ರಿ ಅಲ್ಲೇ ಮಲಗಿ. ಭಾನುವಾರ ಬೆಳಿಗ್ಗೆ ಬೇಗ ಹೊರಟರೆ ಕಿರತ್‌ಪುರ, ಮಂಡಿ, ಕುಲ್ಲು ಮೇಲೆ ಸಂಜೆಗೆ ಮನಾಲಿ. ಹೊಸ ನಾಲ್ಕು ಪಥದ ರಸ್ತೆ, ಸುರಂಗಗಳು ಬಂದ ಮೇಲೆ ಮಂಡಿಯವರೆಗೆ ದಾರಿ ಬಹಳ ಸುಧಾರಿಸಿದೆ, ಆದರೂ ಊಟ ತಿಂಡಿ ಸೇರಿ 8-9 ಗಂಟೆ ಹಿಡಿಯಿರಿ. ಭಾನುವಾರ ಹತ್ತೋದರಲ್ಲಿ ಒಂದು ಲಾಭ ಇದೆ. ದೆಹಲಿ, ಪಂಜಾಬ್ ಕಡೆಯ ವಾರಾಂತ್ಯದ ಜನ ಆವತ್ತು ಇಳಿಯುತ್ತಿರುತ್ತಾರೆ, ಜಾಮ್ ಎದುರು ದಿಕ್ಕಿನಲ್ಲಿ ಇರುತ್ತದೆ.

ರಾತ್ರಿ ಬಸ್ಸಿನಲ್ಲಿ ಹೋದರೆ ಒಂದು ದಿನ ಉಳಿಯುತ್ತಲ್ಲ ಅಂತ ನಿಮ್ಮ ಯಜಮಾನರು ಕೇಳಬಹುದು. ಉಳಿಯೋದಿಲ್ಲ. ಬೆಳಿಗ್ಗೆ ಎಂಟಕ್ಕೆ ಬಸ್ ಇಳಿಸುತ್ತದೆ, ಹೋಟೆಲಿನವರು ಮಧ್ಯಾಹ್ನದವರೆಗೆ ರೂಮ್ ಕೊಡಲ್ಲ, ರಿಸೆಪ್ಷನ್ ಸೋಫಾದಲ್ಲಿ ಅತ್ತೆಯವರು ಮಂಡಿ ಹಿಡಿದುಕೊಂಡು ಕೂತಿರುತ್ತಾರೆ, ಮಗಳು ಬ್ಯಾಗಿನ ಮೇಲೆ ನಿದ್ದೆ. ಆ ದಿನ ಯಾರಿಗೂ ಯಾವುದೂ ಬೇಕಿರೋದಿಲ್ಲ.

ಸೋಮವಾರ ಊರಿನ ದಿನ. ಹಿಡಿಂಬಾ, ವಶಿಷ್ಠ, ಮಧ್ಯಾಹ್ನ ನಿದ್ದೆ, ಸಂಜೆ ಮಾಲ್ ರೋಡ್. ವಶಿಷ್ಠದಲ್ಲಿ ಹೆಂಗಸರಿಗೆ ಬೇರೆ ಸ್ನಾನದ ಕೊಳ ಇದೆ, ಅತ್ತೆಯವರ ಮಂಡಿಗೆ ಹಿತ ಅನಿಸಬಹುದು. ನೀರು ಮಾತ್ರ ಚೆನ್ನಾಗಿ ಬಿಸಿ, ಮೊದಲು ಕಾಲು ಇಟ್ಟು ನೋಡಲು ಹೇಳಿ, ಬಿಪಿ ಇರೋದರಿಂದ ಜಾಸ್ತಿ ಹೊತ್ತು ಬೇಡ. ಹಳೇ ಮನಾಲಿಯ ದಾರಿ ಕಡಿದಾದ ಏರು, ಅದನ್ನು ನೀವು ಮತ್ತು ಮಕ್ಕಳು ಮಾತ್ರ ಹತ್ತಿ.

ಮಂಗಳವಾರ ರೋಹ್ತಾಂಗ್‌ಗೆ ಪ್ರವಾಸಿಗರನ್ನು ಬಿಡೋದಿಲ್ಲ, ರಸ್ತೆ ಕೆಲಸಕ್ಕೆ ವಾರಕ್ಕೊಮ್ಮೆ ರಜೆ. ಇದು ಗೊತ್ತಿಲ್ಲದೆ ಇರೋ ಎರಡು ದಿನದಲ್ಲಿ ಒಂದು ಮಂಗಳವಾರಕ್ಕೆ ಬಿದ್ದು ಪೇಚಾಡುವವರು ತುಂಬಾ. ನೀವು ಆವತ್ತು ಕೆಳಗೆ ಕುಲ್ಲು ಕಡೆ ಇಳಿಯಿರಿ. ಬೆಳಿಗ್ಗೆ ಮಗನ ಪ್ಯಾರಾಗ್ಲೈಡಿಂಗ್, ಅದಾದ ಮೇಲೆ ಎಲ್ಲರೂ ನಗ್ಗರ್. ಹಾರಾಟವನ್ನು ಇಷ್ಟು ಬೇಗ ಇಟ್ಟಿದ್ದು ಬೇಕಂತಲೇ. ಆವತ್ತು ಗಾಳಿ ಸರಿ ಇಲ್ಲದಿದ್ದರೆ ಮುಂದೆ ಇನ್ನೊಂದು ದಿನ ಕೈಯಲ್ಲಿ ಇರುತ್ತದೆ. ಕೊನೆಯ ದಿನಕ್ಕೆ ಇಟ್ಟುಕೊಂಡವರಿಗೆ 'ಇಲ್ಲ' ಅನ್ನೋದಕ್ಕೆ ಬಾಯಿ ಬರೋದಿಲ್ಲ. ಪೈಲಟ್ ಹಿಂದೇಟು ಹಾಕಿದರೂ ಇವರೇ ಒತ್ತಾಯ ಮಾಡುತ್ತಾರೆ. ಅಪಾಯ ಶುರುವಾಗೋದು ಅಲ್ಲಿಂದ.

ನಗ್ಗರ್ ಬಗ್ಗೆ ಎರಡು ಮಾತು, ನನಗೆ ಇಷ್ಟದ ಜಾಗ. ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್ 1947ರಲ್ಲಿ ತೀರಿಕೊಳ್ಳುವವರೆಗೆ ಇದ್ದ ಮನೆ ಅಲ್ಲಿದೆ, ಈಗ ಚಿತ್ರಶಾಲೆ. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾರಾಣಿ ಆಮೇಲೆ ನೆಲೆಸಿದ್ದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ. ನಗ್ಗರ್‌ನಲ್ಲೇ ಆ ಮನೆಗೆ ಹತ್ತಿರ ಇದೆ ಕಲ್ಲು ಮತ್ತು ಮರದ ಹಳೇ ನಗ್ಗರ್ ಕೋಟೆ. ಅದರ ಜಗಲಿಯಲ್ಲಿ ಕೂತರೆ ಇಡೀ ಬಿಯಾಸ್ ಕಣಿವೆ ಕೆಳಗೆ. ಅತ್ತೆಯವರು ಹೆಚ್ಚು ನಡೆಯದೆ ನೋಡಬಹುದಾದ ಜಾಗ ಇದು.

ಬುಧವಾರ ಹಿಮದ ದಿನ. ಮೊದಲು ಒಂದು ಭ್ರಮೆ ಬಿಡಬೇಕು: ಮೇ ತಿಂಗಳಲ್ಲಿ ಮನಾಲಿ ಊರಲ್ಲಿ ಹಿಮ ಇರೋದಿಲ್ಲ. ಪ್ಯಾಕೇಜ್‌ನವರ ಫೋಟೋ ಜನವರಿಯದ್ದು. ಸೋಲಂಗ್ ಕಣಿವೆಯಲ್ಲೂ ಅಷ್ಟು ಹೊತ್ತಿಗೆ ಹಸಿರು ಹುಲ್ಲು. ಹಿಮ ಬೇಕು ಅಂದರೆ ಮೇಲೆ ಹೋಗಬೇಕು, ಮೇಲೆ ಅಂದರೆ ರೋಹ್ತಾಂಗ್. ಅದು ಯಾವಾಗ ತೆರೆಯುತ್ತದೆ ಅನ್ನೋದು ಆ ವರ್ಷದ ಹಿಮದ ಮೇಲೆ, ಗಡಿ ರಸ್ತೆ ಸಂಸ್ಥೆಯವರು ಎಷ್ಟು ಬೇಗ ದಾರಿ ಬಿಡಿಸುತ್ತಾರೆ ಅನ್ನೋದರ ಮೇಲೆ ಇದೆ. ಮೇ ಮೂರನೇ ವಾರ ಅಂದರೆ ತೆರೆದಿರಬಹುದು, ತೆರೆಯದೆಯೂ ಇರಬಹುದು. ತೆರೆದಿದ್ದರೂ ಹಸಿರು ನ್ಯಾಯಮಂಡಳಿಯ ಆದೇಶದಿಂದಾಗಿ ದಿನಕ್ಕೆ 1,200 ಪ್ರವಾಸಿ ಗಾಡಿಗಳಿಗೆ ಮಾತ್ರ ಅವಕಾಶ, 800 ಪೆಟ್ರೋಲ್, 400 ಡೀಸೆಲ್. ಆನ್‌ಲೈನ್ ಪರ್ಮಿಟ್ ಬೇಕು, ಅದೂ ಆ ದಿನಾಂಕಕ್ಕೆ ಮಾತ್ರ. ಟ್ಯಾಕ್ಸಿಯವರೇ ಮಾಡಿಸುತ್ತಾರೆ, ಆದರೆ ಪರ್ಮಿಟ್ ಆಗಿದೆ ಅಂತ ಬಾಯಿಮಾತಿಗೆ ನಂಬಬೇಡಿ, ಹಿಂದಿನ ದಿನವೇ ಫೋನಿಗೆ ಕಳಿಸಲು ಹೇಳಿ, ಗಾಡಿ ನಂಬರ್ ತಾಳೆ ನೋಡಿ.

ರೋಹ್ತಾಂಗ್ ಆಗದಿದ್ದರೆ ಅಟಲ್ ಸುರಂಗ ದಾಟಿ ಸಿಸ್ಸು ಅನ್ನೋ ಹಳ್ಳಿಗೆ ಹೋಗಿ. ಇದಕ್ಕೆ ಪರ್ಮಿಟ್ ಬೇಡ. 9.02 ಕಿ.ಮೀ. ಉದ್ದದ ಸುರಂಗದ ಈ ಬದಿಯಲ್ಲಿ ಹಸಿರು ಕಣಿವೆ, ಆ ಬದಿಯಲ್ಲಿ ಹೊರಗೆ ಬಂದರೆ ಬೇರೆ ದೇಶಕ್ಕೆ ಬಂದ ಹಾಗೆ ಬೋಳು ಬೆಟ್ಟ, ಚಂದ್ರಾ ನದಿ. ಸಿಸ್ಸು ಸುಮಾರು 3,100 ಮೀಟರ್, ಅತ್ತೆಯವರಿಗೂ ಹಗುರ. ಹಿಮ ಮಾತ್ರ ರೋಹ್ತಾಂಗ್‌ನಷ್ಟು ಖಾತ್ರಿ ಇಲ್ಲ. ಹತ್ತಿರದ ಕೋಕ್ಸರ್ ಹಳ್ಳಿ ಕಡೆ ಒಂದೊಂದು ತುಂಡು ಉಳಿದಿರುವ ಸಾಧ್ಯತೆ ಇದೆ. ಮಗಳಿಗೆ ಇದನ್ನು ಮೊದಲೇ ಹೇಳಿಟ್ಟರೆ ಒಳ್ಳೇದು.

ಬೆಳಿಗ್ಗೆ ಐದಕ್ಕೆ ಹೊರಡಿ. ತಡವಾದರೆ 51 ಕಿ.ಮೀ.ಗೆ ಅರ್ಧ ದಿನ ಹೋದರೂ ಆಶ್ಚರ್ಯ ಇಲ್ಲ. ದಾರಿಯಲ್ಲಿ ಸಾಲಾಗಿ ಕೋಟು, ಗಂಬೂಟ್ ಬಾಡಿಗೆ ಕೊಡುವ ಅಂಗಡಿಗಳು, ಬೋರ್ಡಿನ ಮೇಲೆ ಹೆಸರಿಗಿಂತ ನಂಬರೇ ದೊಡ್ಡದು. ಡ್ರೈವರ್ ಒಂದೇ ಒಂದು ನಂಬರಿನ ಮುಂದೆ ನಿಲ್ಲಿಸುತ್ತಾನೆ, ಅವನಿಗೆ ಅಲ್ಲಿ ಕಮಿಷನ್. ಕತ್ತಲಲ್ಲಿ, ಚಳಿಯಲ್ಲಿ, ಹಿಂದೆ ಹಾರನ್ ಹೊಡೆಯುತ್ತಿರುವಾಗ ಅವರು ತೆಗೆದುಕೊಡುವ ಬೂಟಿನ ಒಳಗೆ ನಿನ್ನೆಯವರ ಹಿಮ ಕರಗಿದ ನೀರು ಇನ್ನೂ ಪಿಚಪಿಚ ಅನ್ನುತ್ತಿರುತ್ತದೆ. ಕೈ ಹಾಕಿ ನೋಡಿ ತಗೊಳ್ಳಿ. ಮಗಳಿಗೆ ಅವಳ ಅಳತೆಯದ್ದೇ ಆಗಬೇಕು. ಎರಡು ಜೊತೆ ಉಣ್ಣೆ ಸಾಕ್ಸ್ ಮನೆಯಿಂದಲೇ ತನ್ನಿ. ಬಾಡಿಗೆ ಎಷ್ಟು ಅಂತ ಕೋಟು ಹಾಕಿಕೊಳ್ಳುವ ಮೊದಲೇ ಕೇಳಿ.

ಮೇಲೆ ಒಂದೂವರೆ ಗಂಟೆ ಸಾಕು. ಮಕ್ಕಳು ಹಿಮದಲ್ಲಿ ಓಡಾಡಲು ಬಿಡಬೇಡಿ ಅನ್ನೋದು ಆಗದ ಮಾತು, ಆದರೆ ನಡುವೆ ಕೂರಿಸಿ ನೀರು ಕುಡಿಸಿ. ಅತ್ತೆಯವರು ಗಾಡಿಯ ಹತ್ತಿರವೇ ಇರಲಿ, ಅಲ್ಲಿಂದಲೂ ಕಾಣುವಷ್ಟು ಕಾಣುತ್ತದೆ.

ಗುರುವಾರ ಖಾಲಿ. ಹೌದು, ಖಾಲಿಯೇ ಬಿಡಿ. ನಿಮ್ಮ ಇಡೀ ಯೋಜನೆ ನಿಂತಿರೋದು ಈ ದಿನದ ಮೇಲೆ. ಮಂಗಳವಾರ ಹಾರಾಟ ತಪ್ಪಿದ್ದರೆ ಇವತ್ತು, ಬುಧವಾರ ಮಳೆ ಬಂದಿದ್ದರೆ ಇವತ್ತು ಸಿಸ್ಸು. ಎರಡೂ ಸುಸೂತ್ರವಾಗಿ ಆಗಿದ್ದರೆ ಸೋಲಂಗ್‌ಗೆ ಹೋಗಿ ರೋಪ್‌ವೇ ಹತ್ತಿ, ಅಥವಾ ಹೋಟೆಲಿನಲ್ಲಿ ಅಲ್ಲಿನ ಹಬೆಯಲ್ಲಿ ಬೇಯಿಸುವ ರೊಟ್ಟಿ ಸಿಡ್ಡು ಮಾಡಿಸಿಕೊಂಡು ತುಪ್ಪ ಹಾಕಿ ತಿಂದು ಸುಮ್ನೆ ಕೂರಿ. ಈ ಖಾಲಿ ದಿನ ನೋಡಿದ ತಕ್ಷಣ ಟ್ಯಾಕ್ಸಿಯವರು 'ಮಣಿಕರಣ್ ಹೋಗೋಣ' ಅಂತಾರೆ. ಒಂದು ಕಡೆಗೆ 80 ಕಿ.ಮೀ. ಹತ್ತಿರ, ಹೋಗಿ ಬಂದರೆ ದಿನ ಮುಗೀತು. ಅತ್ತೆಯವರಿಗೆ ಅಲ್ಲಿನ ಶಿವ ದೇವಸ್ಥಾನ, ಗುರುದ್ವಾರ ನೋಡಲೇಬೇಕು ಅಂತಿದ್ದರೆ ಸರಿ, ಇಲ್ಲದಿದ್ದರೆ ನಾನು ಸೇರಿಸೋದಿಲ್ಲ.

ಶುಕ್ರವಾರ ಬೆಳಿಗ್ಗೆ ಗಂಟುಮೂಟೆ ಕಟ್ಟಿಕೊಂಡು ಇಳಿಯಿರಿ. ರಾಫ್ಟಿಂಗ್ ಇರೋದು ಮನಾಲಿಯಲ್ಲಿ ಅಲ್ಲ, ಕುಲ್ಲು ದಾಟಿ ಪಿರ್ಡಿಯಿಂದ ಝಿರಿವರೆಗೆ, 14 ಕಿ.ಮೀ. ಹೇಗೂ ದಾರಿಯಲ್ಲೇ ಸಿಗುತ್ತದೆ, ಅದಕ್ಕೆ ಬೇರೆ ದಿನ ಬೇಡ. ಯಜಮಾನರು ಮತ್ತು ಮಗ ಹೋಗಿ ಬರಲಿ. ಮಗಳು ಬೇಡ. ಮೇನಲ್ಲಿ ಹಿಮ ಕರಗಿದ ನೀರು ಬಂದು ಬಿಯಾಸ್ ತುಂಬಿ ಓಡುತ್ತಿರುತ್ತದೆ, ಕೊರೆಯುವ ತಂಪು. ಲೈಫ್ ಜಾಕೆಟ್ಟಿನ ಎಲ್ಲಾ ಬಕಲ್ ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ, ಕಿವಿಯವರೆಗೆ ಎದ್ದು ಬಂದರೆ ಅದು ಸಡಿಲ. ಬದಲಾಯಿಸಲು ಹೇಳಿ. ರಾತ್ರಿ ಮಂಡಿಯಲ್ಲೋ ಚಂಡೀಗಢದಲ್ಲೋ ಉಳಿಯಿರಿ. ಶನಿವಾರ ವಿಮಾನ, ಭಾನುವಾರ ಶಿವಮೊಗ್ಗ.

ಪ್ಯಾರಾಗ್ಲೈಡಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಅಪಾಯ ಇರೋದು ಎತ್ತರದ ಹವೆಗಿಂತ ಇಲ್ಲಿ. ಕುಲ್ಲು ಜಿಲ್ಲೆಯಲ್ಲಿ ಪ್ರವಾಸಿಗರು ಸತ್ತ ಘಟನೆಗಳು ಆಗಿವೆ. ಸೀಟಿನ ಬೆಲ್ಟ್ ಸರಿಯಾಗಿ ಹಾಕದೆ ಬಿದ್ದದ್ದೂ ಇದೆ. ಹಾಗಂತ ಮಗನಿಗೆ ಬೇಡ ಅನ್ನಬೇಕಿಲ್ಲ. ಪ್ರವಾಸೋದ್ಯಮ ಇಲಾಖೆಯ ಪೈಲಟ್ ಲೈಸೆನ್ಸ್ ಕಾರ್ಡ್ ತೋರಿಸಿ ಅನ್ನಿ. ಕಾರ್ಡಿನ ಮುಖವೂ ಹಾರಿಸುವವನ ಮುಖವೂ ಒಂದೇನಾ ನೋಡಿ, ಕಾರ್ಡ್ ಅಣ್ಣನದ್ದು ಹಾರಿಸೋದು ತಮ್ಮ ಅನ್ನೋ ಹಾಗೆ ಆಗಬಾರದು. ಇಬ್ಬರಿಗೂ ಹೆಲ್ಮೆಟ್, ಜೊತೆಗೆ ತುರ್ತು ಪ್ಯಾರಾಚೂಟ್ ಇರಬೇಕು. ಓಡಲು ಶುರು ಮಾಡುವ ಮೊದಲು ಮಗ ಸ್ವಂತ ಕೈಯಿಂದ ಮೂರು ಬಕಲ್ ಮುಟ್ಟಿ ನೋಡಲಿ: ಎದೆಯದ್ದು ಒಂದು, ಎರಡು ತೊಡೆಗೆ ಒಂದೊಂದು. ತೊಡೆಯದ್ದು ಮರೆತರೆ ನೆಲದ ಮೇಲೆ ಗೊತ್ತೇ ಆಗೋದಿಲ್ಲ, ಗಾಳಿಗೆ ಎದ್ದ ಮೇಲೆ ಸೀಟಿನಿಂದ ಕೆಳಗೆ ಜಾರಲು ಶುರುವಾಗುತ್ತದೆ. ಸೆಲ್ಫಿ ಕೋಲು ಕೈಗೆ ಕೊಡುವ ಅವಸರದಲ್ಲಿ ಇದು ತಪ್ಪಿಹೋಗುತ್ತದೆ. ಮಗಳನ್ನು ಈ ಸಲ ಹಾರಿಸಬೇಡಿ, ಅಷ್ಟು ಕಡಿಮೆ ತೂಕಕ್ಕೆ ಸೀಟೇ ಸರಿಯಾಗಿ ಹಿಡಿಯೋದಿಲ್ಲ.

ಶಿಮ್ಲಾ ಬಿಡಲು ಮನಸ್ಸೇ ಬರುತ್ತಿಲ್ಲ ಅಂದರೆ? ಆಗ ಮನಾಲಿಗೆ 3 ರಾತ್ರಿ ಉಳಿಯುತ್ತದೆ, ಎರಡು ಹಗಲು. ಆಗ ಹಿಮ, ಹಾರಾಟ ಎರಡರಲ್ಲಿ ಒಂದನ್ನು ಮಾತ್ರ ಆಯ್ಕೆ ಮಾಡಿ, ಇನ್ನೊಂದು ಸಿಕ್ಕರೆ ಲಾಭ ಅಂದುಕೊಳ್ಳಿ. ಎರಡಕ್ಕೂ ಆಸೆ ಪಟ್ಟರೆ ಒಂದು ಮಳೆಗೆ ಎಲ್ಲಾ ತಲೆಕೆಳಗೆ. ಮತ್ತೆ ಆ ಎರಡು ಹಗಲಲ್ಲಿ ಮಂಗಳವಾರ ಬರದ ಹಾಗೆ ನೋಡಿಕೊಳ್ಳಿ.

ಯಜಮಾನರು ಮತ್ತು ಮಗ ಟ್ರೆಕ್ ಕೂಡ ಮಾಡಬೇಕು ಅಂತ ಹೊರಟರೆ ಮಾತ್ರ ತಂಗಿ ಹೇಳಿದ ವಾರ ಸರಿಹೋಗುತ್ತದೆ. ಬಿಯಾಸ್ ಕುಂಡ್, ಭೃಗು ಸರೋವರ, ಒಂದೊಂದಕ್ಕೂ ಮೂರು ದಿನದ ಆಸುಪಾಸು ಬೇಕು. ಭೃಗು 4,200 ಮೀಟರ್ ದಾಟುತ್ತದೆ, ಅಲ್ಲಿಗೆ ಒಗ್ಗಿಕೊಳ್ಳುವ ದಿನ ಬೇಕೇ ಬೇಕು. ಈ ರಜೆಯಲ್ಲಿ ಅದಕ್ಕೆ ಜಾಗ ಇಲ್ಲ, ಅತ್ತೆಯವರನ್ನು ಮೂರು ದಿನ ಹೋಟೆಲಿನಲ್ಲಿ ಕೂರಿಸಿ ಹೋಗೋದೂ ಚೆನ್ನಾಗಿರೋದಿಲ್ಲ.

ಕುಲ್ಲು ಹತ್ತಿರ ಭುಂತರ್‌ನಲ್ಲಿ ವಿಮಾನ ನಿಲ್ದಾಣ ಇದೆಯಲ್ಲ, ಮನಾಲಿಗೆ 50 ಕಿ.ಮೀ. ಅಷ್ಟೇ ಅಂತ ಯಾರಾದರೂ ಹೇಳಿದರೆ, ಹೌದು, ಇದೆ. ಸಣ್ಣ ವಿಮಾನಗಳು, ಮೋಡ ಮುಚ್ಚಿದರೆ ರದ್ದು. ಹೋಗುವಾಗ ಸಿಕ್ಕರೆ ತಗೊಳ್ಳಿ, ಬರುವಾಗ ಅದನ್ನು ನಂಬಿ ಅದೇ ದಿನ ಬೆಂಗಳೂರಿನ ಟಿಕೆಟ್ ಮಾಡಿಸಬೇಡಿ.

ಹೋಟೆಲ್ ಮಾಡಿಸುವಾಗ ಲಿಫ್ಟ್ ಇದೆಯಾ ಅಂತ ಒಂದು ಸಲ, ರಸ್ತೆಯಿಂದ ರಿಸೆಪ್ಷನ್‌ಗೆ ಎಷ್ಟು ಮೆಟ್ಟಿಲು ಅಂತ ಇನ್ನೊಂದು ಸಲ ಕೇಳಿ. ಗುಡ್ಡದ ಊರಲ್ಲಿ ನೆಲಮಹಡಿ ಅಂದರೂ ಮೂವತ್ತು ಮೆಟ್ಟಿಲು ಇಳಿದ ಮೇಲೆ ಸಿಗಬಹುದು. ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥ ರೂಮ್ ಹಿಡಿಯಿರಿ, ಅರ್ಧ ಮುಂಗಡ ಸಾಕು. ಮೊದಲು ವಿಮಾನ, ಆಮೇಲೆ ಹೋಟೆಲ್, ಹಾರಾಟ ರಾಫ್ಟಿಂಗ್ ಮಾತ್ರ ಊರಿಂದ ಬುಕ್ ಮಾಡಬೇಡಿ, ಅಲ್ಲಿಗೆ ಹೋಗಿ ಆಕಾಶ ನೋಡಿ ಮಾಡಿ. ಮುಂಗಡ ಕೊಟ್ಟುಬಿಟ್ಟರೆ ಕೆಟ್ಟ ಗಾಳಿಯಲ್ಲೂ ಹೋಗಿಬಿಡೋಣ ಅನಿಸುತ್ತದೆ. ಏನೋ ಕಾರಣಕ್ಕೆ ರಜೆ ಮೇ ಬಿಟ್ಟು ಜುಲೈ ಅಥವಾ ಆಗಸ್ಟ್‌ಗೆ ಹೋಯಿತು ಅಂದರೆ ಈ ಲೆಕ್ಕ ಯಾವುದೂ ನಡೆಯೋದಿಲ್ಲ: ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಪ್ಯಾರಾಗ್ಲೈಡಿಂಗ್, ರಾಫ್ಟಿಂಗ್ ಎರಡಕ್ಕೂ ಅಲ್ಲಿ ನಿಷೇಧ. 2023ರ ಜುಲೈಯಲ್ಲಿ ಬಿಯಾಸ್ ಉಕ್ಕಿ ಕುಲ್ಲು-ಮನಾಲಿ ಹೆದ್ದಾರಿಯೇ ಕೊಚ್ಚಿಹೋಗಿತ್ತು, 2025ರ ಆಗಸ್ಟ್‌ನಲ್ಲೂ ಅದೇ ಗತಿ. ಆಗ ಟಿಕೆಟ್ ಮಾಡಿಸುವ ಮೊದಲು ಇನ್ನೊಂದು ಸಲ ಬರೆಯಿರಿ, ಅಕ್ಟೋಬರ್‌ಗೆ ಹೊಂದುವ ಹಾಗೆ ಬೇರೆ ಯೋಜನೆ ಮಾಡಿಕೊಡುತ್ತೇನೆ.